ಷರಾ ಬರೆಯಲು ಕಲಿಸುವುದು: ಹಣಕಾಸು ಸಂಸ್ಥೆಗಳ ಕಂಪ್ಲಯನ್ಸ್ ಅಧಿಕಾರಿಗಳಿಗೆ ತರಬೇತಿ ಕೊಡುವವರಿಗೊಂದು ಕೈಪಿಡಿ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹಣಕಾಸು ಸಂಸ್ಥೆಯೊಂದರಲ್ಲಿ ಕಂಪ್ಲಯನ್ಸ್ (ನಿಯಮಪಾಲನೆ) ವಿಭಾಗದ ಹೊಣೆ ವಹಿಸಿಕೊಂಡಾಗ, ಮೊದಲ ವಾರ ನಾನು ಮಾಡಿದ ಕೆಲಸವೆಂದರೆ, ಅಸಾಮಾನ್ಯ ವಹಿವಾಟು ಕಂಡಾಗ ಸಾಫ್ಟ್‌ವೇರ್ ಎಬ್ಬಿಸಿದ ಹಳೆಯ ಅಲರ್ಟ್‌ಗಳ ಕಡತಗಳನ್ನು ತೆಗೆಸಿ ಓದಿದ್ದು. ಮೇಜಿನ ಮೇಲೆ ನಲವತ್ತು ಕಡತಗಳಿದ್ದವು. ನಲವತ್ತರ ಕೊನೆಯಲ್ಲೂ ಒಂದೇ ಷರಾ ಇತ್ತು: "ಗ್ರಾಹಕರನ್ನು ವಿಚಾರಿಸಲಾಯಿತು. ವಿವರಣೆ ತೃಪ್ತಿಕರವಾಗಿದೆ. ಮುಕ್ತಾಯಗೊಳಿಸಿದೆ." ವಿಚಾರಿಸಿದವರು ಯಾರು, ಯಾವ ದಿನ, ಕೇಳಿದ ಪ್ರಶ್ನೆ ಏನು, ಗ್ರಾಹಕರು ಕೊಟ್ಟ ಉತ್ತರ ಏನು, ಆ ಉತ್ತರಕ್ಕೆ ಆಧಾರವಾದ ಕಾಗದ ಯಾವುದು ಎಂಬುದು ಒಂದು ಕಡತದಲ್ಲೂ ಸಿಗಲಿಲ್ಲ. ಆ ಷರಾ ಬರೆದ ಅಧಿಕಾರಿಗಳೆಲ್ಲರೂ ತರಬೇತಿ ಪಡೆದವರೇ ಆಗಿದ್ದರು, ಪ್ರಮಾಣಪತ್ರಗಳೂ ಅವರ ಬಳಿ ಇದ್ದವು. ಕಾಯ್ದೆಯ ಕಲಮುಗಳನ್ನು ಕೇಳಿದರೆ ತಡವರಿಸದೆ ಹೇಳುತ್ತಿದ್ದರು. ಆದರೆ ತಾವು ತೆಗೆದುಕೊಂಡ ನಿರ್ಧಾರದ ಕಾರಣವನ್ನು, ತಮ್ಮನ್ನು ಎಂದೂ ನೋಡದ ಒಬ್ಬ ತಪಾಸಣಾಧಿಕಾರಿ ಎರಡು ವರ್ಷ ಕಳೆದ ಮೇಲೆ ಓದಿದರೂ ಒಪ್ಪುವಂತೆ ಬರೆದಿಡಬೇಕೆಂದು ಯಾರೂ ಅವರಿಗೆ ಕಲಿಸಿರಲಿಲ್ಲ.

ಅಂದಿನಿಂದ ನಾನು ರೂಪಿಸಿಕೊಂಡು ಬಂದ ತರಬೇತಿಯೆಲ್ಲವೂ ಈ ಒಂದು ಕೆಲಸದ ಸುತ್ತ ಕಟ್ಟಿದ್ದು. ನಿಯಮಗಳನ್ನು ಓದಿಸುವುದು ಅಗತ್ಯ, ಆದರೆ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಕಣ್ಣಿಗೆ ಬಿದ್ದದ್ದನ್ನು ಪ್ರಶ್ನಿಸುವ, ಉತ್ತರವನ್ನು ಪರೀಕ್ಷಿಸುವ, ಕಾರಣಸಹಿತ ಬರೆಯುವ ಅಭ್ಯಾಸ ಒಮ್ಮೆ ಕೂಡಿಬಂದರೆ ಅಧಿಕಾರಿಯ ವೃತ್ತಿಜೀವನದ ಕೊನೆಯವರೆಗೂ ಉಳಿಯುತ್ತದೆ. ಬ್ಯಾಂಕು, ಬ್ಯಾಂಕೇತರ ಹಣಕಾಸು ಸಂಸ್ಥೆ, ಷೇರು ದಲ್ಲಾಳಿ ಸಂಸ್ಥೆ ಅಥವಾ ಸಾಲದ ಆ್ಯಪ್ ನಡೆಸುವ ಕಂಪನಿಯಲ್ಲಿ ಹೊಸದಾಗಿ ಕಂಪ್ಲಯನ್ಸ್ ಕೆಲಸಕ್ಕೆ ಬಂದವರಿಗೆ ತರಬೇತಿ ಕೊಡಬೇಕಾದ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲು ನಿಮ್ಮ ಸಂಸ್ಥೆಯ ಮೇಲೆ ಯಾರ ನಿಯಮ ನಡೆಯುತ್ತದೆ ಎಂಬುದನ್ನು ನಿಷ್ಕರ್ಷಿಸಿ

ಹೊಸಬರಿಗೆ ಎಲ್ಲ ನಿಯಂತ್ರಕರ ಎಲ್ಲ ಸುತ್ತೋಲೆಗಳನ್ನೂ ಕೊಟ್ಟು ಓದಿಕೊಳ್ಳಿ ಎನ್ನುವುದು ತರಬೇತಿಯಲ್ಲ. ಮೊದಲ ದಿನ ಅವರ ಕೈಗೆ ಸಂಸ್ಥೆಯ ನೋಂದಣಿ ಪತ್ರವನ್ನು ಕೊಡಿ. ಅದರಿಂದಲೇ ಆರಂಭಿಸಿ, ಈ ಸಂಸ್ಥೆ ಯಾರಿಗೆ ಉತ್ತರ ಹೇಳಬೇಕು ಎಂಬ ಒಂದು ಪುಟದ ಟಿಪ್ಪಣಿಯನ್ನು ಅವರೇ ತಯಾರಿಸಲಿ. ಬ್ಯಾಂಕೇತರ ಸಂಸ್ಥೆಯಾದರೆ ರಿಸರ್ವ್ ಬ್ಯಾಂಕು 2021ರ ಅಕ್ಟೋಬರಿನಲ್ಲಿ ಪ್ರಕಟಿಸಿದ, ಗಾತ್ರ ಮತ್ತು ಅಪಾಯ ನೋಡಿ ಸಂಸ್ಥೆಗಳನ್ನು ವಿಂಗಡಿಸುವ ಚೌಕಟ್ಟಿನ ಪ್ರಕಾರ ಅದು ಯಾವ ಸ್ತರದಲ್ಲಿದೆ ಎಂಬುದು ಮೊದಲ ಪ್ರಶ್ನೆ. ಮೇಲಿನ ಸ್ತರಕ್ಕೂ ಮಧ್ಯಮ ಸ್ತರಕ್ಕೂ ಮುಖ್ಯ ಕಂಪ್ಲಯನ್ಸ್ ಅಧಿಕಾರಿ ಇರಲೇಬೇಕೆಂದು 2022ರ ಏಪ್ರಿಲ್ 11ರ ಸುತ್ತೋಲೆ ವಿಧಿಸಿತು. ಷೇರು ಮಾರುಕಟ್ಟೆಯ ಮಧ್ಯವರ್ತಿಯಾದರೆ ಸೆಬಿ, ವಿಮೆ ಮಾರುವುದಾದರೆ ವಿಮಾ ನಿಯಂತ್ರಣ ಪ್ರಾಧಿಕಾರ. ಇವರಲ್ಲಿ ಯಾರ ಕೈಕೆಳಗಿದ್ದರೂ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಹೊಣೆ ತಪ್ಪುವುದಿಲ್ಲ. 2002ರಲ್ಲಿ ಅಂಗೀಕಾರವಾಗಿ 2005ರ ಜುಲೈ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯಡಿ ಶಂಕಾಸ್ಪದ ವಹಿವಾಟು ಮತ್ತು ದೊಡ್ಡ ನಗದು ವಹಿವಾಟುಗಳ ವರದಿಗಳು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ಹೋಗಬೇಕು.

ನಿಯಮದ ಮೂಲ ಪಾಠವನ್ನೇ ಓದುವ ರೂಢಿಯನ್ನು ಮೊದಲ ದಿನದಿಂದ ಹಾಕಿಸಿ. ಯಾರೋ ಮಾಡಿಟ್ಟ ಸಾರಾಂಶ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಪಟ್ಟಿ, ಹಿಂದಿನ ಅಧಿಕಾರಿ ಬಿಟ್ಟುಹೋದ ಎಕ್ಸೆಲ್ ಹಾಳೆ ಇವು ದಾರಿ ತೋರಿಸಬಹುದು, ಆಧಾರವಾಗಲಾರವು. ರಿಸರ್ವ್ ಬ್ಯಾಂಕು 2025ರ ನವೆಂಬರಿನಲ್ಲಿ ದಶಕಗಳಿಂದ ಸೇರಿಕೊಂಡಿದ್ದ ಸಾವಿರಾರು ಸುತ್ತೋಲೆಗಳನ್ನು ರದ್ದುಪಡಿಸಿ, ಸಂಸ್ಥೆಗಳ ವರ್ಗಕ್ಕೆ ಅನುಗುಣವಾದ ನಿರ್ದೇಶನಗಳಾಗಿ ಹೊಸದಾಗಿ ಜೋಡಿಸಿತು. ಅದಕ್ಕೆ ಮೊದಲಿನ ಸುತ್ತೋಲೆಯ ಸಂಖ್ಯೆಯನ್ನು ಇಂದೂ ಉಲ್ಲೇಖಿಸುವ ಆಂತರಿಕ ನೀತಿ ನಿಮ್ಮಲ್ಲಿದ್ದರೆ, ಅದನ್ನು ಹೊಸ ನಿರ್ದೇಶನದ ಕಲಮಿಗೆ ಹೊಂದಿಸುವ ಕೆಲಸವನ್ನೇ ಹೊಸಬರಿಗೆ ಮೊದಲ ಅಭ್ಯಾಸವಾಗಿ ಕೊಡಿ. ಸಂಸ್ಥೆಗೂ ಉಪಯೋಗ, ಕಲಿಯುವವರಿಗೂ ನಿಯಮ ಕೈಗೆ ಹತ್ತುತ್ತದೆ.

ಹದಿನೈದು ದಿನ ಕೌಂಟರಿನ ಹಿಂದೆ

ಇದನ್ನು ನಾನು ಹಟ ಹಿಡಿದು ಮಾಡಿಸುತ್ತೇನೆ. ಸಿ.ಎ. ಮಾಡಿದವರಿರಲಿ, ಕಾನೂನು ಓದಿದವರಿರಲಿ, ಕಂಪನಿ ಸೆಕ್ರೆಟರಿಯಿರಲಿ, ಹೊಸದಾಗಿ ಬಂದವರು ಕನಿಷ್ಠ ಹದಿನೈದು ದಿನ ಶಾಖೆಯಲ್ಲಿ ಕ್ಯಾಷಿಯರ್ ಪಕ್ಕ, ಖಾತೆ ತೆರೆಯುವವರ ಪಕ್ಕ, ಸಾಲದ ಅರ್ಜಿ ತೆಗೆದುಕೊಳ್ಳುವವರ ಪಕ್ಕ ಕೂರಬೇಕು. ಮಧ್ಯಾಹ್ನ ಹನ್ನೆರಡು ಗಂಟೆಗೆ ಚಿಕ್ಕಪೇಟೆಯ ಶಾಖೆಯೊಂದರಲ್ಲಿ ಇಪ್ಪತ್ತು ಜನ ಸಾಲಿನಲ್ಲಿ ನಿಂತಿರುವಾಗ, ಒಬ್ಬರ ಆಧಾರ್ ವಿಳಾಸಕ್ಕೂ ಈಗಿನ ಮನೆಗೂ ತಾಳೆಯಾಗದಿದ್ದರೆ ಕೌಂಟರಿನವರು ಏನು ಮಾಡುತ್ತಾರೆ ಎಂಬುದನ್ನು ಕಣ್ಣಾರೆ ಕಾಣದೆ ಕೆವೈಸಿ, ಎಂದರೆ ಗ್ರಾಹಕರ ಗುರುತು ಪರಿಶೀಲಿಸುವ ನೀತಿಯನ್ನು ಬರೆಯಲು ಕೂತವರು, ಯಾರೂ ಪಾಲಿಸಲಾಗದ ನೀತಿಯನ್ನೇ ಬರೆಯುತ್ತಾರೆ.

ಈ ಹದಿನೈದು ದಿನಗಳಲ್ಲಿ ಅವರು ಗಮನಿಸಬೇಕಾದ ಸಂಗತಿಗಳನ್ನು ಮೊದಲೇ ಹೇಳಿ ಕಳುಹಿಸಿ. ಮಾನ್ಯ ದಾಖಲೆಗಳೆಂದರೆ ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಧಾರ್ ಹೊಂದಿರುವುದರ ಪುರಾವೆ, ಮತದಾರರ ಗುರುತಿನ ಚೀಟಿ, ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಮತ್ತು ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ. ಇವುಗಳಲ್ಲಿ ಕೌಂಟರಿಗೆ ನಿಜವಾಗಿ ಬರುವವು ಯಾವುವು, ಬೇಡವೆಂದು ಹಿಂದಿರುಗಿಸುವವು ಯಾವುವು, ಹಿಂದಿರುಗಿಸುವುದು ಸರಿಯೇ ಎಂಬುದನ್ನು ಬರೆದುಕೊಳ್ಳಲಿ. ಹೆಚ್ಚಿನ ಅಪಾಯದ ಗ್ರಾಹಕರ ಕೆವೈಸಿಯನ್ನು 2 ವರ್ಷಕ್ಕೊಮ್ಮೆ, ಮಧ್ಯಮ ಅಪಾಯದವರದನ್ನು 8 ವರ್ಷಕ್ಕೊಮ್ಮೆ, ಕಡಿಮೆ ಅಪಾಯದವರದನ್ನು 10 ವರ್ಷಕ್ಕೊಮ್ಮೆಯಾದರೂ ನವೀಕರಿಸಬೇಕು. ಆದರೆ ಪಿಂಚಣಿ ತೆಗೆಯಲು ಬಂದ ಅಜ್ಜಿಯೊಬ್ಬರನ್ನು, ಅವರ ಅಪಾಯದ ವರ್ಗ ಯಾವುದೆಂದು ನೋಡದೆ, ಎರಡು ವರ್ಷಕ್ಕೊಮ್ಮೆ ಕಾಗದ ತರಲು ಓಡಾಡಿಸುತ್ತಿದ್ದರೆ ಅದೂ ನಿಯಮಭಂಗವೇ ಎಂಬುದು ಶಾಖೆಯಲ್ಲಿ ಕೂತವರಿಗೆ ಮಾತ್ರ ತಿಳಿಯುತ್ತದೆ. ಕೌಂಟರಿನವರಿಗೆ ಒಂದು ಬಗೆಯ ತರಬೇತಿ, ಕಂಪ್ಲಯನ್ಸ್ ಸಿಬ್ಬಂದಿಗೆ ಇನ್ನೊಂದು ಬಗೆಯದು, ಹೊಸ ಗ್ರಾಹಕರೊಡನೆ ವ್ಯವಹರಿಸುವವರಿಗೆ ಮತ್ತೊಂದು ಬಗೆಯದು ಇರಬೇಕೆಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನವೇ ಹೇಳುತ್ತದೆ. ಎಲ್ಲರಿಗೂ ಒಂದೇ ತೊಂಬತ್ತು ಸ್ಲೈಡುಗಳನ್ನು ತೋರಿಸಿ ಹಾಜರಿ ಹಾಕಿಸಿಕೊಳ್ಳುವ ಸಂಸ್ಥೆಗಳು ಈ ಸಾಲನ್ನು ಓದಿರುವುದಿಲ್ಲ.

ಶಾಖೆಯಿಂದ ಹಿಂದಿರುಗಿದ ಮೇಲೆ ಪ್ರತಿಯೊಬ್ಬರೂ ತಾವು ಕಂಡ ಒಂದು ಲೋಪವನ್ನು, ಅದು ಏಕೆ ಆಗುತ್ತಿದೆ ಎಂಬುದನ್ನು, ಸಿಬ್ಬಂದಿಯ ಹೆಸರು ಎತ್ತದೆ ಎರಡು ಪುಟ ಬರೆದುಕೊಡಬೇಕು. ತಪ್ಪಿತಸ್ಥರನ್ನು ಹುಡುಕುವ ಕಣ್ಣಿಗೂ ಕಾರಣವನ್ನು ಹುಡುಕುವ ಕಣ್ಣಿಗೂ ಇರುವ ವ್ಯತ್ಯಾಸ ಈ ಎರಡು ಪುಟಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಮೂರು ಖಾತೆಗಳ ಅಭ್ಯಾಸ

ತರಬೇತಿಯ ಹೃದಯಭಾಗವೆಂದು ನಾನು ಭಾವಿಸುವುದು ಇದನ್ನು. ಮೂರು ಖಾತೆಗಳ ಆರು ತಿಂಗಳ ಸ್ಟೇಟ್‌ಮೆಂಟುಗಳನ್ನು ನಾವೇ ಕಲ್ಪಿಸಿ ತಯಾರಿಸಿಕೊಂಡಿದ್ದೇವೆ. ನಿಜವಾದ ಗ್ರಾಹಕರ ಮಾಹಿತಿಯನ್ನು ತರಬೇತಿಗೆ ಬಳಸಬಾರದು, ಹೆಸರು ಅಳಿಸಿದರೂ ಬಳಸಬಾರದು, ಏಕೆಂದರೆ ಶಾಖೆಯವರು ಮೊತ್ತ ಮತ್ತು ದಿನಾಂಕಗಳಿಂದಲೇ ಖಾತೆಯನ್ನು ಗುರುತು ಹಿಡಿಯಬಲ್ಲರು.

ಮೊದಲನೆಯದು ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರಿಯೊಬ್ಬರ ಖಾತೆ. ಆಗಸ್ಟಿನಲ್ಲಿ ನಗದು ಜಮೆ ಹಿಂದಿನ ತಿಂಗಳಿನ ಮೂರರಷ್ಟಾಗಿದೆ, ಸಾಫ್ಟ್‌ವೇರ್ ಅಲರ್ಟ್ ಎಬ್ಬಿಸಿದೆ. ಹೊರ ರಾಜ್ಯದಿಂದ ಬಂದು ನಗರವನ್ನು ಇನ್ನೂ ಅರಿಯದ ಯುವ ಅಧಿಕಾರಿಗಳು ಅನೇಕ ಬಾರಿ ಇದನ್ನು ಶಂಕಾಸ್ಪದವೆಂದು ಗುರುತು ಹಾಕುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸೇವಂತಿಗೆ, ಕನಕಾಂಬರದ ಬೆಲೆ ಎಲ್ಲಿಗೆ ಏರುತ್ತದೆ ಎಂಬುದನ್ನು ಬಲ್ಲ ಸ್ಥಳೀಯರು ಒಂದೇ ನೋಟಕ್ಕೆ "ಹಬ್ಬದ ವ್ಯಾಪಾರ" ಎಂದು ಮುಚ್ಚಿಬಿಡುತ್ತಾರೆ. ನಾನು ಇಬ್ಬರ ಉತ್ತರವನ್ನೂ ಒಪ್ಪುವುದಿಲ್ಲ. ಎರಡನೆಯವರ ಊಹೆ ಸರಿಯಾಗಿರಬಹುದು, ಆದರೆ ಊಹೆಯನ್ನು ಕಡತದಲ್ಲಿ ಇಡಲು ಬರುವುದಿಲ್ಲ. ಅವರಿಂದ ನಾವು ನಿರೀಕ್ಷಿಸುವ ಷರಾ ಸುಮಾರಾಗಿ ಹೀಗಿರುತ್ತದೆ:

"ಆಗಸ್ಟಿನಲ್ಲಿ ಖಾತೆಗೆ 9,40,000 ರೂಪಾಯಿ ನಗದು ಜಮೆಯಾಗಿದೆ. ಹಿಂದಿನ ಮೂರು ತಿಂಗಳ ಸರಾಸರಿ 3,10,000 ರೂಪಾಯಿ. ಹಿಂದಿನ ವರ್ಷ ಇದೇ ಹಬ್ಬದ ತಿಂಗಳಲ್ಲಿ 8,70,000 ರೂಪಾಯಿ ಜಮೆಯಾಗಿತ್ತು. ಶಾಖೆಯ ಅಧಿಕಾರಿ ಸೆಪ್ಟೆಂಬರ್ 3ರಂದು ಮಳಿಗೆಗೆ ಹೋಗಿ ಖರೀದಿ ಚೀಟಿಗಳನ್ನು ನೋಡಿದ್ದಾರೆ, ಆರು ಚೀಟಿಗಳ ನಕಲು ಲಗತ್ತಿಸಿದೆ. ಜಮೆಯಾದ ಹಣದ ಹೆಚ್ಚಿನ ಭಾಗ ಎರಡು ದಿನಗಳೊಳಗೆ ಹನ್ನೊಂದು ಬೆಳೆಗಾರರ ಖಾತೆಗಳಿಗೆ ಪಾವತಿಯಾಗಿದೆ. ಅವರಲ್ಲಿ ಒಂಬತ್ತು ಮಂದಿಗೆ ಹಿಂದಿನ ವರ್ಷವೂ ಪಾವತಿಯಾಗಿತ್ತು. ಉಳಿದ ಇಬ್ಬರು ಈ ವರ್ಷ ಹೊಸದಾಗಿ ಹೂವು ಕಳುಹಿಸುತ್ತಿರುವವರೆಂದು ಚೀಟಿ ಸಂಖ್ಯೆ 4 ಮತ್ತು 5 ತೋರಿಸುತ್ತವೆ. ಪಿತೃಪಕ್ಷದಲ್ಲಿ ವ್ಯಾಪಾರ ಇಳಿಯುವುದು ವಾಡಿಕೆ. ಆ ಅವಧಿಯಲ್ಲಿ ಜಮೆ ಇಳಿಯದಿದ್ದರೆ ಈ ಕಡತವನ್ನು ಮತ್ತೆ ತೆರೆಯತಕ್ಕದ್ದು."

ಈ ಷರಾದಲ್ಲಿ ಅಭಿಪ್ರಾಯ ಹೇಳುವ ಒಂದು ವಿಶೇಷಣವೂ ಇಲ್ಲ. "ತೃಪ್ತಿಕರ" ಎಂಬ ಪದ ಬರದಿದ್ದರೂ ಓದುವವರಿಗೆ ತೃಪ್ತಿಯಾಗುತ್ತದೆ. ಮುಖ್ಯವಾದದ್ದು ಕೊನೆಯ ವಾಕ್ಯ: ತಮ್ಮ ತೀರ್ಮಾನ ತಪ್ಪೆಂದು ಯಾವುದರಿಂದ ಗೊತ್ತಾಗುತ್ತದೆ ಎಂಬುದನ್ನು ಅಧಿಕಾರಿ ಮೊದಲೇ ಬರೆದಿಟ್ಟಿದ್ದಾರೆ. ಕಲಿಯುವವರು ಪ್ರತಿ ಷರಾವನ್ನೂ ಇಂಥ ಒಂದು ವಾಕ್ಯದಿಂದ ಮುಗಿಸುವಂತೆ ಮಾಡಿಸಿ.

ಎರಡನೆಯದು ಒಂದು ಬೇಕರಿಯ ಖಾತೆ. ವರ್ಷವಿಡೀ ಯುಪಿಐ ಮೂಲಕ ಬರುತ್ತಿದ್ದ ಹಣ 2025ರ ಜುಲೈನಲ್ಲಿ ಇದ್ದಕ್ಕಿದ್ದಂತೆ ಕುಸಿದು, ನಗದು ಜಮೆ ಹೆಚ್ಚಾಗಿದೆ. ಆ ತಿಂಗಳು ಬೆಂಗಳೂರಿನಲ್ಲಿದ್ದವರಿಗೆ ಕಾರಣ ಗೊತ್ತು. ಯುಪಿಐ ವಹಿವಾಟಿನ ಮೊತ್ತವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳುಹಿಸಿತು, ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿಗಳು ಅಂಟಿಕೊಂಡವು. ಇಲ್ಲಿ ಚರ್ಚೆಗೆ ಬೇಕಾದಷ್ಟು ಅವಕಾಶವಿದೆ. ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಬೇಕು. ಖಾತೆಯ ವಹಿವಾಟು ಆ ಮಿತಿಯ ಯಾವ ಬದಿಗಿದೆ? ನೋಟಿಸಿಗೆ ಹೆದರಿ ನಗದಿಗೆ ಹೊರಳಿದ ಅಂಗಡಿಯವರನ್ನೂ, ಆದಾಯ ಮುಚ್ಚಿಡಲು ನಗದಿಗೆ ಹೊರಳಿದವರನ್ನೂ ಸ್ಟೇಟ್‌ಮೆಂಟಿನಲ್ಲಿ ಬೇರ್ಪಡಿಸುವುದು ಹೇಗೆ? ಈ ಖಾತೆಗೆ ನಾನು ಒಂದೇ ಸರಿಯುತ್ತರವನ್ನು ಇಟ್ಟುಕೊಂಡಿಲ್ಲ. ಎರಡು ತಂಡ ಮಾಡಿ, ಒಂದು ತಂಡ ವರದಿ ಕಳುಹಿಸಬೇಕೆಂದೂ ಇನ್ನೊಂದು ಬೇಡವೆಂದೂ ವಾದಿಸಲಿ. ಮರುದಿನ ತಂಡಗಳು ಅದಲುಬದಲಾಗಲಿ. ತನ್ನದೇ ವಾದದ ದುರ್ಬಲ ಜಾಗವನ್ನು ಹುಡುಕುವುದು ಈ ಕೆಲಸಕ್ಕೆ ಬೇಕಾದ ಶಿಸ್ತು, ಅದು ಉಪನ್ಯಾಸದಿಂದ ಬರುವುದಿಲ್ಲ.

ಮೂರನೆಯದು ಮಡಿವಾಳದ ಪಿಜಿಯಲ್ಲಿರುವ ವಿದ್ಯಾರ್ಥಿಯ ಉಳಿತಾಯ ಖಾತೆ. ತೆರೆದ ಮೂರು ತಿಂಗಳು ಕೇವಲ ಊಟದ, ಬಾಡಿಗೆಯ ಹಣ ಓಡಾಡಿದೆ. ಆಮೇಲೆ ಒಂದು ದಿನ 5 ರೂಪಾಯಿ ಬಂದು ಹೋಗಿದೆ. ಅದಾದ ಎರಡನೆಯ ರಾತ್ರಿ ಹನ್ನೊಂದರಿಂದ ಎರಡು ಗಂಟೆಯೊಳಗೆ ಬೇರೆ ಬೇರೆ ರಾಜ್ಯಗಳಿಂದ ಮೂವತ್ತೇಳು ಜಮೆಗಳು ಬಂದು, ಪ್ರತಿಯೊಂದೂ ನಿಮಿಷಗಳೊಳಗೆ ಬೇರೆ ಖಾತೆಗೆ ಹಾರಿದೆ. ಇದು ಮ್ಯೂಲ್ ಖಾತೆ, ಎಂದರೆ ವಂಚನೆಯ ಹಣ ಸಾಗಿಸಲು ಕಳ್ಳರು ಬಳಸುವ ಇನ್ನೊಬ್ಬರ ಖಾತೆ. ನಮ್ಮವರು ಬಾಡಿಗೆ ಖಾತೆ ಎನ್ನುವುದು ಇದನ್ನೇ. ಆ ಐದು ರೂಪಾಯಿಯೇ ಖಾತೆ ನಡೆಯುತ್ತದೆಯೇ ಎಂದು ನೋಡಲು ಕಳುಹಿಸಿದ ಪರೀಕ್ಷೆಯ ಹಣ, ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ. ಇಂಥ ಖಾತೆಗಳನ್ನು ಪತ್ತೆಹಚ್ಚಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ 'ಮ್ಯೂಲ್‌ಹಂಟರ್' ಎಂಬ ಕೃತಕ ಬುದ್ಧಿಮತ್ತೆಯ ಸಾಧನವನ್ನು ರೂಪಿಸಿದೆ. ರಿಸರ್ವ್ ಬ್ಯಾಂಕು ಅದನ್ನು 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಯಂತ್ರ ಬೆರಳು ತೋರಿಸಬಲ್ಲದು, ಕಾರಣ ಬರೆದು ಸಹಿ ಹಾಕುವ ಹೊಣೆ ಅಧಿಕಾರಿಯದೇ.

ಈ ಮೂರನೆಯ ಖಾತೆಯನ್ನು ಆಧರಿಸಿಯೇ ವರದಿಯ ನಿಯಮಗಳನ್ನು ಕಲಿಸುವುದು ಒಳ್ಳೆಯದು, ಆಗ ಅವು ಮನಸ್ಸಿನಲ್ಲಿ ನಿಲ್ಲುತ್ತವೆ. ಶಂಕಾಸ್ಪದ ವಹಿವಾಟಿನ ವರದಿಗೆ ಮೊತ್ತದ ಮಿತಿ ಇಲ್ಲ, ನಡೆಯದೆ ನಿಂತುಹೋದ ಪ್ರಯತ್ನವೂ ವರದಿಯಾಗಬೇಕು. ನಗದು ವಹಿವಾಟಿನ ವರದಿಯದು ಬೇರೆಯೇ ಲೆಕ್ಕ: 10 ಲಕ್ಷ ರೂಪಾಯಿ ಮೀರಿದ ನಗದು ವಹಿವಾಟು, ಅಥವಾ ಒಂದೇ ತಿಂಗಳಲ್ಲಿ ತುಂಡು ತುಂಡಾಗಿ ನಡೆದರೂ ಪರಸ್ಪರ ಸಂಬಂಧವಿದ್ದು ಒಟ್ಟಿಗೆ ಆ ಮಿತಿ ಮೀರಿದ ವಹಿವಾಟು, ಮುಂದಿನ ತಿಂಗಳ 15ರೊಳಗೆ ಹೋಗಬೇಕು. ದಾಖಲೆಗಳನ್ನು ವಹಿವಾಟಿನ ದಿನದಿಂದ 5 ವರ್ಷ, ಗುರುತಿನ ದಾಖಲೆಗಳನ್ನು ಗ್ರಾಹಕರ ಸಂಬಂಧ ಮುಗಿದ ಮೇಲೂ 5 ವರ್ಷ ಕಾಪಾಡಬೇಕು. ವರದಿ ಕಳುಹಿಸಿದ ಒಂದೇ ಕಾರಣಕ್ಕೆ ಖಾತೆಯ ವ್ಯವಹಾರಕ್ಕೆ ತಡೆ ಹಾಕುವಂತಿಲ್ಲ ಎಂಬುದು ಹಲವು ವರ್ಷ ಅನುಭವವಿರುವವರಿಗೂ ಗೊತ್ತಿರುವುದಿಲ್ಲ. ಪೊಲೀಸರ ಸೂಚನೆಯ ಮೇರೆಗೆ, ಅಥವಾ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬಂದ ದೂರಿನ ಮೇರೆಗೆ ಹಣ ತಡೆಹಿಡಿಯುವುದು ಬೇರೆ ಪ್ರಕ್ರಿಯೆ. ಎರಡನ್ನೂ ಬೆರೆಸಿದರೆ ನಿರಪರಾಧಿ ಗ್ರಾಹಕರ ಸಂಬಳ ಸಿಕ್ಕಿಬೀಳುತ್ತದೆ.

ನಿಮ್ಮದು ಚಿನ್ನದ ಸಾಲದ ಸಂಸ್ಥೆಯಾದರೆ ಖಾತೆಗಳ ಬದಲಿಗೆ ಗಿರವಿಯ ದಾಖಲೆಗಳಿಂದ ಇದೇ ಅಭ್ಯಾಸವನ್ನು ಮಾಡಿಸಿ. ಒಬ್ಬರೇ ವ್ಯಕ್ತಿ ಹತ್ತಿರದ ಮೂರು ಶಾಖೆಗಳಲ್ಲಿ ಮೇಲಿಂದ ಮೇಲೆ ಒಡವೆ ಇಟ್ಟು, ಒಂದೆರಡು ವಾರಗಳಲ್ಲೇ ಬಿಡಿಸಿಕೊಂಡು, ಮತ್ತೆ ಇಡುತ್ತಿದ್ದರೆ ಕೇಳಬೇಕಾದ ಪ್ರಶ್ನೆ ಯಾವುದು ಎಂಬಲ್ಲಿಂದ ಆರಂಭಿಸಬಹುದು.

ಸುಳಿವು ಕೊಡದೆ ಮಾತಾಡುವುದು

ವರದಿಯ ವಿಷಯ ಗ್ರಾಹಕರಿಗೆ ತಿಳಿಯಕೂಡದು. ಈ ನಿಯಮವನ್ನು ಬಾಯಿಪಾಠ ಮಾಡಿಸುವುದು ಸುಲಭ, ಕೌಂಟರಿನಲ್ಲಿ ಪಾಲಿಸುವುದು ಕಷ್ಟ. ಹದಿನೈದು ವರ್ಷಗಳಿಂದ ಪರಿಚಯವಿರುವ ಗ್ರಾಹಕರು ಬಂದು "ಏನಮ್ಮಾ, ಹೆಡ್ ಆಫೀಸಿನಿಂದ ನನ್ನ ಬಗ್ಗೆ ಏನೋ ಕೇಳಿದ್ದಾರಂತೆ, ನಿಜವಾ?" ಎಂದರೆ ಏನು ಹೇಳಬೇಕು? ಸುಮ್ಮನಿದ್ದರೂ ಸುಳಿವೇ, ತಡವರಿಸಿದರೂ ಸುಳಿವೇ. ಆದ್ದರಿಂದ ಈ ಮಾತುಗಳನ್ನು ನಾಟಕದಂತೆ ಎದುರುಬದುರು ಕೂರಿಸಿ ಆಡಿಸಬೇಕು. "ಸಾರ್, ಎಲ್ಲ ವ್ಯಾಪಾರದ ಖಾತೆಗಳ ವಿವರವನ್ನೂ ಆಗಾಗ ಹೊಸದು ಮಾಡ್ತೀವಿ. ನಿಮ್ಮ ಅಂಗಡಿಯ ಈ ವರ್ಷದ ಖರೀದಿ ಬಿಲ್ಲುಗಳನ್ನು ತಂದುಕೊಟ್ಟರೆ ಸಾಕು" ಎಂಬಷ್ಟು ಸಹಜವಾಗಿ ಬಾಯಿಗೆ ಬರುವವರೆಗೂ ಆಡಿಸಿ. ಮಾತು ಕನ್ನಡದಲ್ಲೂ ಇರಲಿ, ಆ ಶಾಖೆಗೆ ಬರುವ ಗ್ರಾಹಕರ ತಮಿಳು, ತೆಲುಗು, ಉರ್ದು, ಹಿಂದಿಯಲ್ಲೂ ಇರಲಿ, ಏಕೆಂದರೆ ಇಂಗ್ಲಿಷಿನಲ್ಲಿ ಕಲಿತ ಎಚ್ಚರಿಕೆ ಮಾತೃಭಾಷೆಯ ಸಲುಗೆಯಲ್ಲಿ ಕರಗಿಹೋಗುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಎಲ್ಲ ಖಾತೆಗಳ ವಿವರವನ್ನು ನಿಜವಾಗಿಯೂ ಹೊಸದು ಮಾಡುವ ಪದ್ಧತಿ ಸಂಸ್ಥೆಯಲ್ಲಿದ್ದರೆ ಮಾತ್ರ ಆ ಮಾತನ್ನು ಹೇಳಿಸಬೇಕು, ಸಿಬ್ಬಂದಿಗೆ ಸುಳ್ಳು ಹೇಳಲು ಕಲಿಸಬಾರದು. ಪ್ರಶ್ನೆ ಕೇಳಿದರೇ ಗ್ರಾಹಕರಿಗೆ ಸುಳಿವು ಸಿಗುತ್ತದೆ ಎಂದು ನಂಬಲು ಕಾರಣವಿದ್ದರೆ ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಿ ವರದಿ ಕಳುಹಿಸಬೇಕೆಂದು ನಿಯಮವೇ ಹೇಳುತ್ತದೆ.

ಸಾಲ ಪಡೆಯುವವರ ಭಾಷೆ

ಅಕ್ರಮ ಹಣದ ಪಾಠಕ್ಕೆ ಸಿಗುವ ಮಹತ್ವ ಗ್ರಾಹಕರ ಹಿತದ ಪಾಠಕ್ಕೆ ಸಿಗುತ್ತಿಲ್ಲ ಎಂಬುದು ನನ್ನ ಬಹುದಿನದ ಕೊರಗು. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ಯಮಗಳ ಸಾಲಗಳಿಗೂ ಪ್ರಮುಖ ಸಂಗತಿಗಳ ಪತ್ರ ಕೊಡುವುದು ಕಡ್ಡಾಯವಾಗಿದೆ. ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿದ ವಾರ್ಷಿಕ ವೆಚ್ಚದ ದರ ಅದರಲ್ಲಿರಬೇಕು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ತರಬೇತಿಯಲ್ಲಿ ಒಂದು ಇಡೀ ಬೆಳಗನ್ನು ಇದಕ್ಕೆ ಕೊಡಿ. ನಿಮ್ಮದೇ ಸಂಸ್ಥೆಯ ಪತ್ರದ ಕನ್ನಡ ಆವೃತ್ತಿಯನ್ನು ಕಚೇರಿಯ ಭದ್ರತಾ ಸಿಬ್ಬಂದಿಗೋ ಕ್ಯಾಂಟೀನಿನವರಿಗೋ ಓದಲು ಕೊಟ್ಟು, "ಒಂದು ಲಕ್ಷ ತೆಗೆದುಕೊಂಡರೆ ನಿಮ್ಮ ಕೈಗೆ ಎಷ್ಟು ಬರುತ್ತದೆ, ಒಟ್ಟು ಎಷ್ಟು ಕಟ್ಟಬೇಕು?" ಎಂದು ವಿನಯದಿಂದ ಕೇಳಿ. ನಾವು ಹಾಗೆ ಕೇಳಿದಾಗ, ಒಬ್ಬ ಹಿರಿಯರು ಪತ್ರವನ್ನು ಎರಡು ಬಾರಿ ಓದಿ, "ಈ ಸಂಸ್ಕರಣಾ ಶುಲ್ಕ ಅನ್ನೋದು ನಮ್ಮಿಂದ ಹಿಡಿಯೋದೋ, ನಮಗೆ ಕೊಡೋದೋ?" ಎಂದು ಕೇಳಿದರು. ಮರುವಾರ ಆ ಸಾಲನ್ನು "ನಿಮ್ಮ ಸಾಲದ ಹಣದಿಂದ ಮೊದಲೇ ಹಿಡಿದುಕೊಳ್ಳುವ ಶುಲ್ಕ" ಎಂದು ತಿದ್ದಿದೆವು.

ವಸೂಲಿಯ ಪಾಠವನ್ನು ಕಂಪ್ಲಯನ್ಸ್ ಅಧಿಕಾರಿಗಳೇ ವಸೂಲಿ ಏಜೆಂಟರಿಗೆ ಕಲಿಸುವಂತೆ ಮಾಡಿ. ಕಂತು ಬಾಕಿಯ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಷ್ಟರ ಮುಂದೆ ಅವಮಾನಿಸುವಂತಿಲ್ಲ. ಕಿರುಸಾಲಗಳ ವಸೂಲಿಯ ಕಿರುಕುಳ ರಾಜ್ಯದಲ್ಲಿ ಎಷ್ಟು ಉಲ್ಬಣಿಸಿತ್ತೆಂದರೆ, ಬಲವಂತದ ವಸೂಲಿಯನ್ನು ತಡೆಯಲು ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳು ಅದರ ವ್ಯಾಪ್ತಿಯಿಂದ ಹೊರಗಿವೆ ಎಂದು ಯಾರೂ ನಿರಾಳರಾಗಬಾರದು, ಅವರಿಗೆ ರಿಸರ್ವ್ ಬ್ಯಾಂಕಿನದೇ ಕಟ್ಟಳೆಗಳಿವೆ. ದೂರು ಕೊಟ್ಟು 30 ದಿನಗಳೊಳಗೆ ಉತ್ತರ ಸಿಗದ, ಅಥವಾ ಸಿಕ್ಕ ಉತ್ತರ ಒಪ್ಪಿಗೆಯಾಗದ ಗ್ರಾಹಕರು ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಷೇರುಪೇಟೆಯ ದೂರುಗಳಿಗೆ ಸೆಬಿಯ ಸ್ಕೋರ್ಸ್ ವ್ಯವಸ್ಥೆಯಲ್ಲಿ 21 ದಿನಗಳ ಗಡುವಿದೆ. ಹೊಸಬರು ತಿಂಗಳಿಗೆ ಕನಿಷ್ಠ ಐದು ವಸೂಲಿ ಕರೆಗಳ ಧ್ವನಿಮುದ್ರಣವನ್ನು ಪೂರ್ತಿಯಾಗಿ ಕೇಳಬೇಕು. ಬರಹದಲ್ಲಿ ಸರಿಯಿದ್ದ ಮಾತು ಧ್ವನಿಯಲ್ಲಿ ಹೇಗೆ ಬೆದರಿಕೆಯಾಗುತ್ತದೆ ಎಂಬುದು ಕೇಳಿದವರಿಗೇ ಗೊತ್ತು.

ಪರೀಕ್ಷೆಗಳ ಬಗ್ಗೆ

ಷೇರು ಮಾರುಕಟ್ಟೆಯ ಮಧ್ಯವರ್ತಿ ಸಂಸ್ಥೆಗಳ ಕಂಪ್ಲಯನ್ಸ್ ಅಧಿಕಾರಿಗಳಿಗೆ ರಾಷ್ಟ್ರೀಯ ಷೇರು ಮಾರುಕಟ್ಟೆ ತರಬೇತಿ ಸಂಸ್ಥೆಯಾದ ಎನ್‌ಐಎಸ್‌ಎಂ ನಡೆಸುವ ಮೂರನೆಯ ಸರಣಿಯ 'ಎ' ಪರೀಕ್ಷೆ ಬೇಕಾಗುತ್ತದೆ. ಎರಡು ಗಂಟೆ, ನೂರು ಅಂಕ, ತೇರ್ಗಡೆಗೆ 60, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲುಭಾಗ ಕಡಿತ. ಪ್ರಮಾಣಪತ್ರಕ್ಕೆ ಮೂರು ವರ್ಷಗಳ ಅವಧಿ. ಬ್ಯಾಂಕಿನವರಿಗೆ ಭಾರತೀಯ ಬ್ಯಾಂಕಿಂಗ್ ಮತ್ತು ಹಣಕಾಸು ಸಂಸ್ಥೆಯ ಕೆವೈಸಿ ಪ್ರಮಾಣಪತ್ರ ಒಳ್ಳೆಯ ಅಡಿಪಾಯ. ಇವನ್ನು ಮೊದಲ ಆರು ತಿಂಗಳಲ್ಲಿ ಮುಗಿಸುವಂತೆ ಹೇಳಿ, ಓದಲು ಕಚೇರಿಯ ವೇಳೆಯಲ್ಲೇ ಸಮಯ ಕೊಡಿ, ಶುಲ್ಕವನ್ನು ಸಂಸ್ಥೆಯೇ ಕಟ್ಟಲಿ.

ಬೇಡವೆನ್ನುವ ಧೈರ್ಯಕ್ಕೂ ತರಬೇತಿ ಬೇಕು

ಮಾರ್ಚ್ 29ರ ಸಂಜೆ. ವರ್ಷದ ಗುರಿ ಮುಟ್ಟಲು ಒಂದೇ ದೊಡ್ಡ ಸಾಲ ಬಾಕಿಯಿದೆ. ಸಾಲ ಪಡೆಯುವ ಕಂಪನಿಯ ನಿಜವಾದ ಒಡೆಯರು ಯಾರೆಂಬುದು ಪೂರ್ತಿ ತಿಳಿದಿಲ್ಲ. 10 ಶೇಕಡಕ್ಕಿಂತ ಹೆಚ್ಚು ಪಾಲು ಹೊಂದಿದ ವ್ಯಕ್ತಿಗಳನ್ನು ಗುರುತಿಸಬೇಕೆಂಬುದು ನಿಯಮ, ಆದರೆ ಪಾಲಿನ ಸರಪಳಿ ಇನ್ನೊಂದು ಕಂಪನಿಯ ಬಾಗಿಲಲ್ಲಿ ನಿಂತುಬಿಟ್ಟಿದೆ. ವ್ಯಾಪಾರ ವಿಭಾಗದ ಮುಖ್ಯಸ್ಥರು ಬಂದು, "ಏಪ್ರಿಲ್ ಮೊದಲ ವಾರ ಕಾಗದ ಬರುತ್ತೆ, ಈಗ ಒಪ್ಪಿಗೆ ಕೊಟ್ಟುಬಿಡಿ" ಎನ್ನುತ್ತಾರೆ. ಈ ಸನ್ನಿವೇಶವನ್ನು ತರಬೇತಿಯಲ್ಲಿ ಆಡಿಸುವಾಗ ಮುಖ್ಯಸ್ಥರ ಪಾತ್ರವನ್ನು ನಿಜವಾದ ವ್ಯಾಪಾರ ವಿಭಾಗದ ಹಿರಿಯರಿಂದಲೇ ಮಾಡಿಸಿ. ಅವರಿಗೂ ಕಂಪ್ಲಯನ್ಸ್ ವಿಭಾಗದ ಬದಿಯಿಂದ ನೋಡುವ ಅವಕಾಶ ಸಿಗುತ್ತದೆ. ಹೊಸಬರು ಕಲಿಯಬೇಕಾದದ್ದು ಜಗಳವನ್ನಲ್ಲ. ಏನು ಕೊರತೆಯಿದೆ, ಯಾವ ಕಾಗದ ಬಂದರೆ ಒಪ್ಪಿಗೆ ಕೊಡಬಹುದು, ಅದು ಬರುವವರೆಗೆ ಏನು ಮಾಡಬಹುದು ಎಂಬುದನ್ನು ಶಾಂತವಾಗಿ ಹೇಳಿ, ಹೇಳಿದ್ದನ್ನು ಅದೇ ಸಂಜೆ ಇಮೇಲಿನಲ್ಲಿ ಬರೆದು ಕಳುಹಿಸುವುದನ್ನು.

ಈ ಧೈರ್ಯಕ್ಕೆ ನಿಯಮದ ಬೆಂಬಲವೂ ಇದೆ ಎಂಬುದನ್ನು ಹೊಸಬರಿಗೆ ತಿಳಿಸಬೇಕು. ಬ್ಯಾಂಕುಗಳ ಮುಖ್ಯ ಕಂಪ್ಲಯನ್ಸ್ ಅಧಿಕಾರಿಯ ಬಗ್ಗೆ 2020ರ ಸೆಪ್ಟೆಂಬರ್ 11ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಕನಿಷ್ಠ ಮೂರು ವರ್ಷಗಳ ನಿಶ್ಚಿತ ಅವಧಿಯನ್ನೂ, ನಿರ್ದೇಶಕ ಮಂಡಳಿಗೋ ವ್ಯವಸ್ಥಾಪಕ ನಿರ್ದೇಶಕರಿಗೋ ನೇರವಾಗಿ ವರದಿ ಮಾಡುವ ದಾರಿಯನ್ನೂ ಹೇಳಿತು. ವ್ಯಾಪಾರದ ಗುರಿಗಳನ್ನು ಅವರ ತಲೆಗೆ ಕಟ್ಟುವಂತಿಲ್ಲ ಎಂದೂ ಸ್ಪಷ್ಟಪಡಿಸಿತು. ಇವೆಲ್ಲ ಯಾರಿಗಾಗಿ ಎಂದು ಕಲಿಯುವವರು ಕೇಳಿದರೆ, 2020ರ ಜನವರಿಯ ಬಸವನಗುಡಿಯನ್ನು ನೆನಪಿಸುತ್ತೇನೆ. ಅಲ್ಲಿನ ಸಹಕಾರ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಪ್ರತಿ ಠೇವಣಿದಾರರೂ 35,000 ರೂಪಾಯಿಗಿಂತ ಹೆಚ್ಚು ಹಿಂಪಡೆಯದಂತೆ ಮಿತಿ ವಿಧಿಸಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿ ಇಟ್ಟಿದ್ದ ಹಿರಿಯರು ಪಾಸ್‌ಬುಕ್ ಹಿಡಿದು ಬಂದು ನಿಂತರು. ಆ ಪಾಸ್‌ಬುಕ್ಕುಗಳಿಗಾಗಿಯೇ ನಾವು ಈ ಕೆಲಸ ಮಾಡುತ್ತಿದ್ದೇವೆ.

ತರಬೇತಿಯ ದಾಖಲೆ

ತಿಂಗಳ ಮೊದಲ ಮತ್ತು ಮೂರನೆಯ ಶನಿವಾರ ಸಂಜೆ, ಕೌಂಟರು ಮುಚ್ಚಿದ ಮೇಲೆ, ವಿಭಾಗದವರೆಲ್ಲ ಒಂದು ಗಂಟೆ ಕೂತು ಮುಗಿದ ಎರಡು ಕಡತಗಳನ್ನು ಗಟ್ಟಿಯಾಗಿ ಓದುವ ಪದ್ಧತಿಯನ್ನು ಇಟ್ಟುಕೊಳ್ಳಿ. ಕಡತ ಬರೆದವರು ಓದಬಾರದು, ಆ ಪ್ರಕರಣದ ಗಂಧವೂ ಇಲ್ಲದ ಇನ್ನೊಬ್ಬರು ಓದಬೇಕು, ಬರೆದವರು ನಡುವೆ ಬಾಯಿ ಹಾಕಿ ವಿವರಿಸುವಂತಿಲ್ಲ. ಓದಿದವರಿಗೆ ಎಲ್ಲಿ ಅರ್ಥವಾಗದೆ ನಿಲ್ಲಬೇಕಾಯಿತೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಬೇಕು. ಅಂಥ ಗುರುತುಗಳು ಆರು ತಿಂಗಳಲ್ಲಿ ಕಡಿಮೆಯಾಗುತ್ತಿವೆಯೇ ಎಂಬುದೇ ತರಬೇತಿ ಫಲಿಸುತ್ತಿದೆಯೇ ಎಂಬುದರ ಲೆಕ್ಕ. ಹಾಜರಿ ಪುಸ್ತಕದಲ್ಲಿ ಎಷ್ಟು ಸಹಿ ಬಿತ್ತು, ಪ್ರಶ್ನೋತ್ತರದಲ್ಲಿ ಎಷ್ಟು ಅಂಕ ಬಂತು ಎಂಬುದಕ್ಕಿಂತ ಇದನ್ನು ನಾನು ಹೆಚ್ಚು ನಂಬುತ್ತೇನೆ.

ತಪಾಸಣೆಗೆ ಬಂದವರು ತರಬೇತಿಯ ಪುರಾವೆ ಕೇಳುತ್ತಾರೆ. ದಿನಾಂಕ, ಹಾಜರಾದವರ ಪಟ್ಟಿ ಮತ್ತು ಪಾಠದ ಪ್ರತಿಯ ಜೊತೆಗೆ, ಕಲಿಯುವವರು ಬರೆದ ಮೂರು ಖಾತೆಗಳ ಷರಾಗಳನ್ನು, ಅವುಗಳ ಮೇಲೆ ನೀವು ಮಾಡಿದ ತಿದ್ದುಪಡಿಗಳನ್ನು, ತಿದ್ದಿದ ಮೇಲೆ ಅವರು ಮತ್ತೆ ಬರೆದ ಷರಾಗಳನ್ನು ಅದೇ ಕಡತದಲ್ಲಿಡಿ. ಮೊದಲ ಷರಾದ ಪ್ರತಿಯನ್ನು ಹರಿದು ಹಾಕಬೇಡಿ. ವರ್ಷ ತುಂಬಿದ ದಿನ ಬರೆದವರನ್ನೇ ಕರೆದು, ಆ ಮೊದಲ ಷರಾವನ್ನು ಅವರ ಕೈಗೆ ಕೊಟ್ಟು, ಇಂದು ಇದನ್ನು ತಪಾಸಣಾಧಿಕಾರಿಯಾಗಿ ಓದಿದರೆ ನೀವು ಕೇಳುವ ಪ್ರಶ್ನೆಗಳು ಯಾವುವು ಎಂದು ಬರೆಸಿಕೊಳ್ಳಿ.